ಹಾಸ್ಟೆಲ್ ರೂಮಿನೊಳಗ ನಾಲ್ಕು ಊರಿನ ಊಟ

ಮಕ್ಕಳು ಓದಲಿಕ್ಕೆಂದು ಊರು ಬಿಡುವ ದಿನಗಳು ಮತ್ತೆ ಬಂದಿವೆ. ಟ್ರಂಕು, ಚಾದರ, ಬಕೆಟ್ಟು, ಬೀಗ, ಚಾರ್ಜರ್ ಎಲ್ಲವನ್ನೂ ಪಟ್ಟಿ ಮಾಡಿ ತರುತ್ತಾರೆ. ಊಟದ ಮಾತು ಬಂದರೆ ಮಾತ್ರ "ಅಲ್ಲೇ ಮೆಸ್ ಐತಲ್ಲ" ಅಂದುಬಿಡುತ್ತಾರೆ. ಆಮೇಲೆ ಎರಡು ವರ್ಷ ಪ್ರತಿ ರಾತ್ರಿ ಫೋನಿನಲ್ಲಿ ಅದೊಂದೇ ಪ್ರಶ್ನೆ: "ಉಂಡ್ಯಾ? ಏನ್ ಉಂಡೀ?" ಈ ಕಡೆಯಿಂದ ಉತ್ತರವೂ ಒಂದೇ: "ಹೂಂ ಬೇ, ಉಂಡೆ." ಏನು ಉಂಡೆ, ಎಷ್ಟು ಉಂಡೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳಿದರೆ ಅಲ್ಲಿ ಅವ್ವನಿಗೆ ನಿದ್ದೆ ಬರುವುದಿಲ್ಲ. ಈ ಸಲ ನಾವು ಅದನ್ನೇ ಬಿಡಿಸಿ ಬರೆಯುತ್ತಿದ್ದೇವೆ. ಹಾಸ್ಟೆಲಿಗೆ ಹೊರಟವರೂ ಓದಲಿ, ಕಳಿಸುವವರೂ ಓದಲಿ.

ನಾವು ಅಂದರೆ ನಾಲ್ವರು. ಪತ್ರಿಕೋದ್ಯಮ ಓದಲು ಧಾರವಾಡಕ್ಕೆ ಬಂದು ಹೆಣ್ಣುಮಕ್ಕಳ ಒಂದು ಹಾಸ್ಟೆಲಿನಲ್ಲಿ ಒಂದೇ ರೂಮಿಗೆ ಬಿದ್ದವರು. ಒಬ್ಬಳು ಸವದತ್ತಿ ಕಡೆಯವಳು, ಒಬ್ಬಳು ಹಾನಗಲ್ಲಿನವಳು, ಒಬ್ಬಳು ಶಿರಸಿಯವಳು, ಒಬ್ಬಳು ಕುಷ್ಟಗಿ ಕಡೆಯವಳು. ರೂಮಿನಲ್ಲಿ ನಮ್ಮ ಹೆಸರು ಯಾರೂ ಕರೆಯುತ್ತಿರಲಿಲ್ಲ. "ಏ ಸವದತ್ತಿ, ಲೈಟ್ ಆರಸು," "ಶಿರಸಿ, ನಿಂಗ ಫೋನ್ ಬಂತು" ಅಂತಲೇ ಎರಡು ವರ್ಷ ಕಳೆಯಿತು. ಈ ಬರಹದಲ್ಲೂ ಹಾಗೇ ಕರೆದುಕೊಳ್ಳುತ್ತೇವೆ. ಯಾರ ಹೆಸರೂ ಬೇಡ.

ಮೊದಲು ಮೆಸ್ಸಿನ ಮಾತು ಹೇಳಿ ಮುಗಿಸಿಬಿಡೋಣ. ಬೆಳಿಗ್ಗೆ ಉಪ್ಪಿಟ್ಟು, ಇಲ್ಲವೇ ಚಿತ್ರಾನ್ನ. ಮಧ್ಯಾಹ್ನ ಅನ್ನ, ಸಾರು, ಎರಡು ತೆಳ್ಳನೆ ಚಪಾತಿ. ರಾತ್ರಿ ಅನ್ನ, ಸಾರು. ಸಾರಿನಲ್ಲಿ ಬೇಳೆ ಹುಡುಕುವುದೇ ನಮ್ಮ ತನಿಖಾ ಪತ್ರಿಕೋದ್ಯಮದ ಮೊದಲ ಪಾಠ ಅಂತ ಹಾನಗಲ್ಲ ನಗಿಸುತ್ತಿದ್ದಳು. ಕ್ಲಾಸು ಮುಗಿಸಿ ವರದಿಗೆಂದು ಊರು ಸುತ್ತಿ ಮೂರು ಗಂಟೆಗೆ ಬಂದರೆ ಪಾತ್ರೆ ತೊಳೆದಾಗಿರುತ್ತಿತ್ತು. ಅಡುಗೆಯವರನ್ನು ಬೈದು ಉಪಯೋಗವಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ನೂರಾರು ಮಂದಿಗೆ ಬೇಯಿಸುವವರು ಅವರು. ಕೊಟ್ಟ ಸಾಮಾನಿನಲ್ಲಿ ಆಗುವುದು ಅಷ್ಟೇ. ನಮ್ಮ ಮುಖ್ಯ ತೊಂದರೆ ಬೇರೆ ಇತ್ತು. ಜೋಳದ ರೊಟ್ಟಿ ತಿಂದು ಬೆಳೆದ ಹೊಟ್ಟೆಗೆ ಮೂರು ಹೊತ್ತು ಬಿಳಿ ಅನ್ನ ಹಾಕಿದರೆ ಎರಡು ತಾಸಿಗೆ ಮತ್ತೆ ಹಸಿವು. ಹಸಿವಾದಾಗ ಸಿಗುವುದು ಹತ್ತು ರೂಪಾಯಿಯ ಕುರುಕಲು ಪಾಕೀಟು, ಇಲ್ಲವೇ ಚಹಾ, ಬಿಸ್ಕೀಟು. ಮೊದಲ ಮೂರು ತಿಂಗಳು ನಮ್ಮಲ್ಲಿ ಇಬ್ಬರು ದಪ್ಪಗಾದರು, ಇಬ್ಬರು ಸಣಕಲಾದರು. ನಾಲ್ವರಿಗೂ ಸುಸ್ತು ಮಾತ್ರ ಒಂದೇ.

ಮೆಸ್ಸಿನ ದುಡ್ಡು ಕಟ್ಟಲೇಬೇಕಿತ್ತು, ಉಂಡರೂ ಉಣ್ಣದಿದ್ದರೂ. ಹಾಗಾಗಿ ಮೆಸ್ ಬಿಟ್ಟುಬಿಡುವ ಮಾತು ನಮಗೆ ಸಾಧ್ಯವಿರಲಿಲ್ಲ. ಅಲ್ಲಿಂದ ಅನ್ನವನ್ನೋ ಚಪಾತಿಯನ್ನೋ ತಾಟಿನಲ್ಲಿ ಹಾಕಿಸಿಕೊಂಡು ರೂಮಿಗೆ ತರುವುದು, ಉಳಿದದ್ದನ್ನು ನಾವೇ ಕೂಡಿಸುವುದು. ಇದು ನಮ್ಮ ಲೆಕ್ಕಾಚಾರ. ಮೆಸ್ ಹೊಟ್ಟೆ ತುಂಬಿಸಲಿ, ಮೈಗೆ ಹತ್ತುವುದನ್ನು ನಾವು ನೋಡಿಕೊಳ್ಳುತ್ತೇವೆ ಅಂತ.

ಇದಕ್ಕೆ ಮೊದಲ ಆಸರೆ ಸವದತ್ತಿಯ ಡಬ್ಬಿ.

ಧಾರವಾಡದಲ್ಲಿ ಓದಿದವರಿಗೆ ಬಸ್ಸಿನ ಡಬ್ಬಿ ಗೊತ್ತೇ ಇರುತ್ತದೆ. ಬೇರೆ ಕಡೆಯವರಿಗೆ ಹೇಳಬೇಕು. ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಊಟದ ಡಬ್ಬಿ ಕಟ್ಟಿ ಕಳಿಸುತ್ತಾರೆ. ಕೆಳಗೆ ಪಲ್ಲೆ, ಮೇಲೆ ಮೊಸರೋ ಹಿಂಡಿಯೋ, ಎಲ್ಲದರ ಸುತ್ತ ಅರಿವೆಯಲ್ಲಿ ಸುತ್ತಿದ ರೊಟ್ಟಿ. ಕೈಚೀಲದ ಮೇಲೆ ಹೆಸರು ಬರೆದಿರುತ್ತಾರೆ, ಇಲ್ಲವೇ ಡಬ್ಬಿಯ ಮೇಲೇ ಬಣ್ಣದಲ್ಲಿ ಗುರುತು ಹಾಕಿರುತ್ತಾರೆ. ಡ್ರೈವರ್ ಮಗ್ಗುಲಲ್ಲಿ, ಇಂಜಿನ್ ಹತ್ತಿರ ಸಾಲಾಗಿ ಡಬ್ಬಿಗಳು. ಕಂಡಕ್ಟರಿಗೆ ಯಾವ ಡಬ್ಬಿ ಯಾವ ಮನೆಯದು ಅಂತ ನಮಗಿಂತ ಚೆನ್ನಾಗಿ ಗೊತ್ತು. "ನಿಮ್ಮವ್ವ ಇವತ್ತ ಹೋಳಿಗಿ ಮಾಡ್ಯಾಳ ನೋಡ್ ತಂಗಿ, ವಾಸನಿ ಬಂದು ನಮಗ ಬಸ್ ಹೊಡ್ಯಾಕ ಆಗ್ಲಿಲ್ಲ" ಅಂತ ಡ್ರೈವರ್ ಅಣ್ಣ ಒಮ್ಮೆ ಹೇಳಿದ್ದು ಸವದತ್ತಿಗೆ ಇನ್ನೂ ನೆನಪಿದೆ. ಬಸ್ ಸ್ಟ್ಯಾಂಡಿನಲ್ಲಿ ಡಬ್ಬಿ ಇಳಿಸಿಕೊಂಡು ಹಿಂದಿನ ದಿನದ ಖಾಲಿ ಡಬ್ಬಿ ಅದೇ ಬಸ್ಸಿಗೆ ಇಡಬೇಕು. ಬಸ್ ಬರುವ ಹೊತ್ತಿಗೆ ನಾವು ಅಲ್ಲಿರಬೇಕು, ಅಷ್ಟೇ ನಿಯಮ.

ಸವದತ್ತಿಯ ಊರಿಂದ ಧಾರವಾಡಕ್ಕೆ ಒಂದೂವರೆ ತಾಸು. ಬಸ್ಸು ಅಲ್ಲಿಂದ ಏಳಕ್ಕೆ ಬಿಡುತ್ತದೆ ಅಂದರೆ ಅವಳವ್ವ ನಾಲ್ಕೂವರೆಗೆ ಒಲೆ ಮುಂದೆ ಕೂತಿರಬೇಕು. ಆಮೇಲೆ ಹೊಲಕ್ಕೆ ಹೋಗಬೇಕು. ಇದು ಗೊತ್ತಾದ ಮೇಲೆ ನಾವು ದಿನಾ ಡಬ್ಬಿ ಬೇಡ ಅಂತ ನಿರ್ಧರಿಸಿದೆವು. ವಾರಕ್ಕೆ ಎರಡು ದಿನ, ಬುಧವಾರ ಮತ್ತು ಶನಿವಾರ ಸಾಕು. "ದಿನಾ ಕಳಸ್ತೀನಿ, ನನಗೇನ್ ಭಾರ ಆಗೂದಿಲ್ಲ" ಅಂತ ಆ ತಾಯಿ ಜಗಳವನ್ನೇ ತೆಗೆದರು. ಭಾರ ಆಗುತ್ತದೆ. ಅವ್ವಂದಿರು ಆಗುವುದಿಲ್ಲ ಅನ್ನುತ್ತಾರೆ, ನಾವು ಒಪ್ಪಿಕೊಂಡು ಸುಮ್ಮನಾಗುತ್ತೇವೆ. ಡಬ್ಬಿಯ ಬಗ್ಗೆ ಹಾಡಿ ಹೊಗಳುವವರೆಲ್ಲ ಆ ನಾಲ್ಕೂವರೆಯನ್ನೂ ಒಂದು ಸಲ ನೆನೆಯಬೇಕು ಅಂತ ನಮ್ಮ ಅನಿಸಿಕೆ.

ಹಿಂದೆ ಈ ಡಬ್ಬಿಯೂ ಇಲ್ಲದ ಕಾಲವಿತ್ತು. ಬಡ ಹುಡುಗರು ವಾರಾನ್ನ ಮಾಡಿ ಓದುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರಕ್ಕೆ ಏಳು ಮನೆಯ ಊಟ. ಯಾವುದೋ ಒಂದು ವಾರಕ್ಕೆ ಮನೆ ಸಿಗದಿದ್ದರೆ ಅವತ್ತು ಉಪವಾಸ. ಮಠಗಳ ಪ್ರಸಾದ ನಿಲಯಗಳು ಬಂದ ಮೇಲೆ ಎಷ್ಟೋ ಹಳ್ಳಿ ಹುಡುಗರ ಓದು ಉಳಿಯಿತು. ಧಾರವಾಡದ ಮುರುಘಾಮಠದಲ್ಲಿ ಉಂಡು ಓದಿ ದೊಡ್ಡವರಾದವರನ್ನು ಈ ಭಾಗದಲ್ಲಿ ಯಾವ ಊರಲ್ಲಾದರೂ ಕಾಣಬಹುದು. ಆದರೆ ಈ ಹಳೆಯ ಕತೆಗಳಲ್ಲಿ ಉಂಡವರೆಲ್ಲ ಹುಡುಗರೇ. ಮನೆಮನೆಗೆ ಹೋಗಿ ಉಂಡು ಓದು ಅಂತ ಹೆಣ್ಣುಮಗಳನ್ನು ಯಾರು ಕಳಿಸುತ್ತಿದ್ದರು? ನಮ್ಮ ಅಜ್ಜಿಯರು ಯಾಕೆ ಓದಲಿಲ್ಲ ಅನ್ನುವುದಕ್ಕೆ ಊಟವೂ ಒಂದು ಕಾರಣ ಇರಬೇಕು.

ಇರಲಿ. ರೂಮಿಗೆ ಬರೋಣ.

ಡಬ್ಬಿ ವಾರಕ್ಕೆ ಎರಡು ದಿನ. ಉಳಿದ ಐದು ದಿನಕ್ಕೆ ಕಪಾಟು. ಉತ್ತರ ಕರ್ನಾಟಕದ ಅಡುಗೆಮನೆ ಹಾಸ್ಟೆಲಿಗೆಂದೇ ಮಾಡಿಟ್ಟಂತಿದೆ. ಖಡಕ್ ರೊಟ್ಟಿ ಒಣಗಿಸಿ ಇಟ್ಟರೆ ತಿಂಗಳಾದರೂ ಕೆಡುವುದಿಲ್ಲ. ತೇವ ತಾಗಬಾರದು, ಅದೊಂದೇ ಷರತ್ತು. ಹಿಂಡಿಗಳು ಮೂರು: ಶೇಂಗಾ, ಗುರೆಳ್ಳು, ಅಗಸಿ. ಇದರ ಜೊತೆ ಹಾನಗಲ್ಲ ತರುತ್ತಿದ್ದ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಚಟ್ನಿ. ನೋಡಲು ಕೆಂಡ, ತಿಂದರೆ ಅಷ್ಟು ಖಾರವಿಲ್ಲ. ಶಿರಸಿ ಮೊದಲ ದಿನ ಅದನ್ನು ದೂರದಿಂದ ನೋಡಿಯೇ ನೀರು ಕುಡಿದಿದ್ದಳು. ಅವಳ ಪಾಲಿನದು ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೆಳು ಅವಲಕ್ಕಿ. ಹಪ್ಪಳ ಸುಡಲು ಬೆಂಕಿ ಇಲ್ಲವಲ್ಲ ಅಂತ ನಾವು ಕೇಳಿದರೆ ಹಸಿಯಾಗಿಯೇ ಮುರಿದು ತಿಂದು ತೋರಿಸಿದಳು.

ಹಿಂಡಿ ಅಂದರೆ ನಂಜಿಕೊಳ್ಳಲು ಚಿಟಿಕೆ ಅಂತ ನಾವೆಲ್ಲ ತಿಳಿದಿರುತ್ತೇವೆ. ಹಾಸ್ಟೆಲಿನಲ್ಲಿ ಅದು ಪಲ್ಲೆಯ ಜಾಗದಲ್ಲಿ ಇರಬೇಕು. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇರುತ್ತದೆ. ಒಂದು ಕೋಳಿಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಹಾಗಾಗಿ ದಿನಕ್ಕೆ ಒಬ್ಬೊಬ್ಬರು ಒಂದು ಹಿಡಿ ಶೇಂಗಾ ಯಾವುದೋ ರೂಪದಲ್ಲಿ ಹೊಟ್ಟೆಗೆ ಹಾಕಲೇಬೇಕು ಅಂತ ಕಟ್ಟುನಿಟ್ಟು ಮಾಡಿಕೊಂಡೆವು. ಹಿಂಡಿಯಾದರೂ ಸರಿ, ಉಂಡಿಯಾದರೂ ಸರಿ, ನೆನೆಹಾಕಿದ ಕಾಳಾದರೂ ಸರಿ. ಖಾರ ಕಡಿಮೆ ಹಾಕಿ ಕುಟ್ಟಿ ಅಂತ ಮನೆಗೆ ಹೇಳಿದೆವು, ಆಗ ಹೆಚ್ಚು ತಿನ್ನಲಿಕ್ಕೆ ಆಗುತ್ತದೆ. ಮೊಸರಿನಲ್ಲಿ ಮೂರು ಚಮಚ ಹಿಂಡಿ ಕಲಸಿ, ಖಡಕ್ ರೊಟ್ಟಿ ಮುರಿದು ಹಾಕಿ ಹತ್ತು ನಿಮಿಷ ಬಿಟ್ಟರೆ ಅದೇ ಒಂದು ಊಟ. ಪರೀಕ್ಷೆಯ ರಾತ್ರಿಗಳಲ್ಲಿ ನಾವು ಇದನ್ನೇ ತಿಂದದ್ದು.

ಒಂದು ಸಣ್ಣ ಮಾತು. ಹಿಂಡಿಯ ಡಬ್ಬಿಗೆ ಒದ್ದೆ ಚಮಚ ಹಾಕಿದರೆ ವಾರಕ್ಕೇ ಬೂಸು ಹಿಡಿಯುತ್ತದೆ. ನಮ್ಮ ರೂಮಿನಲ್ಲಿ ಎರಡು ವರ್ಷದಲ್ಲಿ ಆದ ದೊಡ್ಡ ಜಗಳಗಳೆಲ್ಲ ಒದ್ದೆ ಚಮಚದವೇ.

ಹಸಿ ಸೊಪ್ಪಿಗೆ ಧಾರವಾಡದಲ್ಲಿ ಕೊರತೆ ಇಲ್ಲ. ಸಂಜೆ ಮಾರ್ಕೆಟ್ಟಿಗೆ ಹೋದರೆ ಹಕ್ಕರಿಕಿ, ಮೆಂತ್ಯೆ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ಸಿವುಡುಗಟ್ಟಲೆ ಸಿಗುತ್ತವೆ. ಕತ್ತಲಾಗುವ ಹೊತ್ತಿಗೆ ಮನೆಗೆ ಹೊರಟ ಅಜ್ಜಿಯರು ಎರಡರ ದುಡ್ಡಿಗೆ ಮೂರು ಕೊಡುತ್ತಾರೆ. ಬೇಯಿಸುವ ಕೆಲಸವಿಲ್ಲ. ಉಪ್ಪುನೀರಿನಲ್ಲಿ ಎರಡು ಸಲ ಚೆನ್ನಾಗಿ ತೊಳೆದು, ಮೆಂತ್ಯೆ ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ, ಶೇಂಗಾಪುಡಿ, ಲಿಂಬೆರಸ, ಉಪ್ಪು ಕಲಸಿದರೆ ಪಚಡಿ. ಹಕ್ಕರಿಕಿಯನ್ನು ಹಾಗೇ ರೊಟ್ಟಿಯ ಜೊತೆ ಕಡಿಯುವುದು. ಶಿರಸಿಗೆ ಇದು ವಿಚಿತ್ರ ಅನಿಸಿತು. "ದನ ತಿಂದಂಗೆ ತಿಂತ್ರಲೇ" ಅಂದಳು. ದೀಪಾವಳಿ ಕಳೆಯುವ ಹೊತ್ತಿಗೆ ಅವಳೇ ಮಾರ್ಕೆಟ್ಟಿಗೆ ಹೋಗಿ ಆರಿಸಿ ತರತೊಡಗಿದಳು.

ಇನ್ನು ಬೆಂಕಿಯ ವಿಷಯ. ಹಾಸ್ಟೆಲಿನಲ್ಲಿ ಕರೆಂಟಿನ ಒಲೆ, ಕಾಯಿಲ್ ನಿಷಿದ್ಧ. ಈ ನಿಯಮದ ವಿಷಯದಲ್ಲಿ ನಾವು ವಾರ್ಡನ್ ಪರ. ಹಳೆ ವೈರಿಂಗಿನ ಕಟ್ಟಡದಲ್ಲಿ ಹತ್ತು ರೂಮಿನವರು ಒಟ್ಟಿಗೆ ಕಾಯಿಲ್ ಹಾಕಿದರೆ ಏನಾಗುತ್ತದೆ ಅಂತ ಯಾರೂ ಹೇಳಬೇಕಾಗಿಲ್ಲ. ಮಂಚದ ಕೆಳಗೆ ಮುಚ್ಚಿಟ್ಟು ಅಡುಗೆ ಮಾಡುವವರನ್ನು ನೋಡಿದ್ದೇವೆ, ಬೆಡ್‌ಶೀಟು ಸುಟ್ಟದ್ದನ್ನೂ ನೋಡಿದ್ದೇವೆ. ನೀರು ಕಾಯಿಸುವ ಕೆಟಲ್‌ಗೆ ಮಾತ್ರ ಅನುಮತಿ ಇತ್ತು. ಕೇಳಿ, ರಿಜಿಸ್ಟರಿನಲ್ಲಿ ಬರೆಸಿ ಇಟ್ಟುಕೊಂಡೆವು. ಆದ ಮೇಲೆ ಭಯವಿಲ್ಲದೆ ಬಳಸಬಹುದಲ್ಲ.

ಕುದಿಯುವ ನೀರೊಂದಿದ್ದರೆ ಎಷ್ಟು ಅಡುಗೆ ಆಗುತ್ತದೆ ಅನ್ನುವುದು ನಮಗೂ ಆಗಲೇ ಗೊತ್ತಾದದ್ದು. ಮನೆಯಲ್ಲಿ ರವೆಯನ್ನು ಸಾಸಿವೆ, ಕರಿಬೇವು, ಮೆಣಸಿನಕಾಯಿ ಒಗ್ಗರಣೆಯೊಂದಿಗೆ ಕೆಂಪಗೆ ಹುರಿದು ಉಪ್ಪು ಹಾಕಿ ಆರಿಸಿ ಕಳಿಸಿದರೆ ಸಾಕು. ಸ್ಟೀಲ್ ಡಬ್ಬಿಯಲ್ಲಿ ಒಂದು ಲೋಟ ರವೆ, ಅದರ ಮೇಲೆ ಎರಡು ಲೋಟ ಕುದಿಯುವ ನೀರು, ಗಂಟಾಗದಂತೆ ಕಲಕಿ ಮುಚ್ಚಳ ಬಿಗಿದು ಅರಿವೆ ಸುತ್ತಿ ಹತ್ತು ನಿಮಿಷ. ಮೆಸ್ಸಿನ ಉಪ್ಪಿಟ್ಟಿಗಿಂತ ಚೆನ್ನಾಗಿರುತ್ತದೆ ಅಂತ ಹೇಳಿದರೆ ನಮ್ಮದೇ ಹೊಗಳಿಕೆ ಆಗುತ್ತದೆ, ಆದರೂ ಹೇಳುತ್ತೇವೆ. ಸಣ್ಣ ಶಾವಿಗೆಯೂ ಹೀಗೇ ಆಗುತ್ತದೆ. ಶಿರಸಿಯ ತೆಳು ಅವಲಕ್ಕಿಗೆ ಬಿಸಿನೀರೂ ಬೇಡ. ಮೊಸರು, ಹೆಚ್ಚಿದ ಸೌತೆಕಾಯಿ, ಉಪ್ಪಿನಕಾಯಿಯ ರಸ ಬೆರೆಸಿದರೆ ಮುಗಿಯಿತು.

ಮೊಳಕೆಕಾಳಿನ ಜವಾಬ್ದಾರಿ ಕುಷ್ಟಗಿಯದು. ರಾತ್ರಿ ಹೆಸರುಕಾಳು ನೆನೆಹಾಕಿ ಬೆಳಿಗ್ಗೆ ನೀರು ಬಸಿದು ಒದ್ದೆ ಅರಿವೆಯಲ್ಲಿ ಗಂಟು ಕಟ್ಟಿ ಕಿಟಕಿಯ ಹತ್ತಿರ ತೂಗುಹಾಕುತ್ತಿದ್ದಳು. ಮರುದಿನ ಮೊಳಕೆ. ಚಳಿಗಾಲದಲ್ಲಿ ಇನ್ನೂ ಅರ್ಧ ದಿನ ಹೆಚ್ಚು. ಹಸಿಯಾಗಿ ತಿಂದು ಹೊಟ್ಟೆ ಕೆಟ್ಟವರನ್ನು ಪಕ್ಕದ ರೂಮಿನಲ್ಲಿ ಕಂಡ ಮೇಲೆ ನಾವು ಕುದಿಯುವ ನೀರು ಸುರಿದು ಐದು ನಿಮಿಷ ಮುಚ್ಚಿಟ್ಟು ಬಸಿದೇ ತಿನ್ನುತ್ತಿದ್ದೆವು. ಮೊಟ್ಟೆ ತಿನ್ನುವವರು ಇಬ್ಬರು, ತಿನ್ನದವರು ಇಬ್ಬರು. ಕೆಟಲ್ ಒಂದೇ. ಅದಕ್ಕೆ ಪಂಚಾಯ್ತಿ ಬೇಡ ಅಂತ ಗೇಟಿನಾಚೆಯ ಗಾಡಿಯಲ್ಲಿ ಬೇಯಿಸಿದ ಮೊಟ್ಟೆಯನ್ನೇ ತಂದುಕೊಳ್ಳುತ್ತಿದ್ದರು.

ಇಷ್ಟು ಓದಿದರೆ ಮೊದಲ ದಿನದಿಂದಲೇ ನಾವು ನಾಲ್ವರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು ಅನಿಸಬಹುದು. ಹಾಗಿರಲಿಲ್ಲ. ಮೊದಲ ತಿಂಗಳು ನಾಲ್ವರು ನಾಲ್ಕು ಮಂಚದ ಮೇಲೆ, ಗೋಡೆಗೆ ಮುಖ ಮಾಡಿ ಉಂಡೆವು. ಯಾರು ಯಾವ ಜನ ಅಂತ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅಡ್ಡಹೆಸರು, ಮಾತಿನ ಧಾಟಿ, ಡಬ್ಬಿಯ ವಾಸನೆ, ಇಷ್ಟರಿಂದಲೇ ನಮ್ಮ ದೇಶದಲ್ಲಿ ಇದು ತಿಳಿದುಬಿಡುತ್ತದೆ. ಹಳ್ಳಿಯಲ್ಲಿ ಹೋಟೆಲಿನ ಲೋಟ ಬೇರೆ ಇಟ್ಟಿದ್ದನ್ನು ನಮ್ಮಲ್ಲೊಬ್ಬಳು ಚಿಕ್ಕಂದಿನಲ್ಲಿ ಕಣ್ಣಾರೆ ನೋಡಿದವಳು. ಅವಳು ತಾನಾಗಿ ಯಾರ ಡಬ್ಬಿಗೂ ಕೈ ಚಾಚುವವಳಲ್ಲ. ಇದು ಒಂದು ದಿನ ಭಾಷಣ ಮಾಡಿ ಮುರಿದದ್ದಲ್ಲ. ಒಂದು ಬುಧವಾರ ಸವದತ್ತಿ ನೆಲದ ಮೇಲೆ ಹಳೇ ಪೇಪರ್ ಹಾಸಿ, ಡಬ್ಬಿಯ ನಾಲ್ಕೂ ಖಾನೆ ಬಿಚ್ಚಿಟ್ಟು, "ಎಣ್ಣಿಗಾಯಿ ಹತ್ತು ಅದಾವು, ಒಬ್ಬಾಕಿಗೆ ತಿನ್ನಾಕ ಆಗೂದಿಲ್ಲ, ಬರ್ರಿ" ಅಂದಳು. ಬಂದು ಕೂತೆವು. ಆಮೇಲೆ ಮಂಚದ ಮೇಲೆ ಉಣ್ಣುವುದೇ ನಿಂತುಹೋಯಿತು. ಪಕ್ಕದ ರೂಮಿನ ಒಬ್ಬಳನ್ನು ನಾವು ಹಲವು ಸಲ ಕರೆದೆವು. ಅವಳು ನಗುತ್ತಾ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದಳು, ಎರಡು ವರ್ಷದಲ್ಲಿ ಒಮ್ಮೆಯೂ ಕೂತು ಉಣ್ಣಲಿಲ್ಲ. ಕಾರಣ ಅವಳೂ ಹೇಳಲಿಲ್ಲ.

ಕುಷ್ಟಗಿಯ ಕಷ್ಟ ಇನ್ನೊಂದು ಬಗೆಯದು. ಅವಳ ಅಪ್ಪ ಅವ್ವ ಹಿಂಗಾರು ಕೈಕೊಟ್ಟ ವರ್ಷ ಸಂಕ್ರಾಂತಿಗೆ ಮುಂಚೆಯೇ ಗುಳೆ ಹೋಗುತ್ತಾರೆ. ಮಂಗಳೂರಿನಲ್ಲಿ ಕಟ್ಟಡದ ಕೆಲಸ. ಮನೆಗೆ ಬೀಗ. ಅಂದರೆ ರೊಟ್ಟಿ ಬಡಿಯುವವರಿಲ್ಲ, ಹಿಂಡಿ ಕುಟ್ಟುವವರಿಲ್ಲ, ಡಬ್ಬಿ ಕಳಿಸುವವರಿಲ್ಲ. ನಮ್ಮ ಕಪಾಟಿನಲ್ಲಿ ಮೂರು ಊರಿನ ಡಬ್ಬಿ, ಅವಳ ಕಡೆಯಿಂದ ಏನೂ ಇಲ್ಲ. ಅವಳು ಕ್ರಮೇಣ "ಹಸಿವಿಲ್ಲ", "ಕ್ಯಾಂಟೀನಿನಲ್ಲಿ ತಿಂದೆ" ಅನ್ನತೊಡಗಿದಳು. ತಿಂದಿರಲಿಲ್ಲ. ಕ್ಯಾಂಟೀನಿನ ದುಡ್ಡನ್ನು ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟ ತಮ್ಮನಿಗೆ ಕಳಿಸುತ್ತಿದ್ದಳು. ಹಂಗಿನ ಊಟ ಗಂಟಲಲ್ಲಿ ಇಳಿಯುವುದಿಲ್ಲ ಅನ್ನುವುದು ಅವಳ ಮನಸ್ಸಿನಲ್ಲಿ. ನಾವು ತಾಯಾಣೆ ಹಾಕಿ ಕೂರಿಸಿದರೂ ಅರ್ಧ ರೊಟ್ಟಿ ತಿಂದು ಎದ್ದುಬಿಡುತ್ತಿದ್ದಳು.

ಫೆಬ್ರುವರಿಯಲ್ಲಿ ರಕ್ತದಾನ ಶಿಬಿರಕ್ಕೆ ನಾಲ್ವರೂ ಹೋದೆವು. ರಕ್ತ ಕೊಡಲು ಹೆಸರು ಬರೆಸಿದವರಲ್ಲಿ ಕುಷ್ಟಗಿಯೇ ಮುಂದು. ಬೆರಳು ಚುಚ್ಚಿ ನೋಡಿದರೆ ಹಿಮೋಗ್ಲೋಬಿನ್ 8.2. ಇರಬೇಕಾದದ್ದು 12. "ತಂಗಿ, ನೀನು ಕೊಡೋದಲ್ಲ, ನಿನಗೇ ಬೇಕಾಗೇತಿ" ಅಂದರು ಅಲ್ಲಿನ ನರ್ಸ್. ಮೆಟ್ಟಿಲು ಹತ್ತುವಾಗ ಅವಳು ನಿಂತು ನಿಂತು ಬರುತ್ತಿದ್ದದ್ದು, ಓದುತ್ತಾ ಕೂತಲ್ಲೇ ನಿದ್ದೆ ಹೋಗುತ್ತಿದ್ದದ್ದು ಯಾಕೆ ಅಂತ ಆಗ ತಿಳಿಯಿತು. ಇದು ಒಬ್ಬಳ ಕತೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ. ಊರಲ್ಲಿ ನಾವು ಇದನ್ನು "ಮೈಯಾಗ ಕಸುವಿಲ್ಲ" ಅಂದು ಬಿಟ್ಟುಬಿಡುತ್ತೇವೆ.

ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಕಬ್ಬಿಣದ ಗುಳಿಗೆ ಕೊಟ್ಟರು, ಹೊಟ್ಟೆಹುಳದ ಗುಳಿಗೆಯನ್ನೂ ಕೊಟ್ಟರು. ಎರಡು ಮಾತು ಒತ್ತಿ ಹೇಳಿದರು. ಊಟದ ಜೊತೆ, ಊಟ ಆದ ಕೂಡಲೇ ಚಹಾ ಕುಡಿಯಬೇಡಿ. ಸೊಪ್ಪು ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ಅದು ತಡೆಯುತ್ತದೆ, ಒಂದು ತಾಸಾದರೂ ಬಿಟ್ಟು ಕುಡಿಯಿರಿ. ಮತ್ತು ಊಟದ ಜೊತೆ ಹುಳಿಯಾದ ಹಣ್ಣೇನಾದರೂ ತಿನ್ನಿ, ಲಿಂಬೆ, ನೆಲ್ಲಿ, ಪೇರಲ. ಪೇರಲ ಅಂದರೆ ಸೀಬೆ. ಅದು ಧಾರವಾಡದ ಸ್ವಂತ ಹಣ್ಣು, ಹಂಗಾಮಿನಲ್ಲಿ ಬುಟ್ಟಿ ಬುಟ್ಟಿ ಬರುತ್ತದೆ. ವಿಟಮಿನ್ ಸಿ ಅದರಲ್ಲಿ ಕಿತ್ತಳೆಗಿಂತ ಹೆಚ್ಚು. ಬೀದಿಬದಿಯಲ್ಲಿ ಉಪ್ಪು ಖಾರ ಹಚ್ಚಿ ಕೊಡುವ ಹಣ್ಣು ಔಷಧಿಯೂ ಹೌದು ಅಂತ ನಮಗೆ ಯಾರೂ ಹೇಳಿರಲಿಲ್ಲ.

ಗುಳಿಗೆ ಸಿಕ್ಕಿತು. ಹಂಗಿಗೆ ಗುಳಿಗೆ ಎಲ್ಲಿ ತರುವುದು? ಸಹಾಯ ಅಂದರೆ ಅವಳು ಒಪ್ಪುವವಳಲ್ಲ. ಅದಕ್ಕೆ ಲೆಕ್ಕದ ಪುಸ್ತಕ ತಂದೆವು. ಮನೆಯಿಂದ ಬರುವ ಸಾಮಾನೆಲ್ಲ ಇನ್ನು ಮುಂದೆ ಯಾರದೂ ಅಲ್ಲ, ರೂಮಿನದು. ತಲೆಗೆ ತಿಂಗಳಿಗೆ 300 ರೂಪಾಯಿ ಹಾಕುವುದು. ಅದರಲ್ಲಿ ಕಾಳು, ಸೊಪ್ಪು, ಮೊಸರು, ಹಣ್ಣು, ಬೆಲ್ಲ. ಮನೆಯಿಂದ ಸಾಮಾನು ತರುವವರಿಗೆ ಅದು ಪಾಲು. ದಿನಾ ಕಾಳು ನೆನೆಸಿ, ಮಾರ್ಕೆಟ್ಟಿಗೆ ಹೋಗಿ, ಪೈಸೆ ಪೈಸೆ ಲೆಕ್ಕ ಬರೆಯುವವರಿಗೆ ಅದು ಪಾಲು. ಈ ಎರಡನೆಯ ಕೆಲಸ ಕುಷ್ಟಗಿಗೆ. ಸುಮ್ಮನೆ ಕೊಟ್ಟ ಕೆಲಸವಲ್ಲ ಅದು. ಸಂತೆಯಲ್ಲಿ ಚೌಕಾಸಿ ಮಾಡಲು ಅವಳಷ್ಟು ಗಟ್ಟಿ ನಾವ್ಯಾರೂ ಅಲ್ಲ. ಯಾವ ಅಂಗಡಿಯಲ್ಲಿ ಹೆಸರುಕಾಳು ಕಿಲೋಕ್ಕೆ ಐದು ರೂಪಾಯಿ ಕಡಿಮೆ ಅಂತ ಅವಳಿಗೆ ವಾರದಲ್ಲೇ ಗೊತ್ತಾಯಿತು. ಪುಸ್ತಕ ಅವಳ ಕೈಗೆ ಹೋದ ದಿನದಿಂದ ಅವಳು ಪೂರಾ ರೊಟ್ಟಿ ತಿಂದಳು. ನಮಗೂ ಹುಕುಂ ಮಾಡತೊಡಗಿದಳು. "ಶಿರಸಿ, ಚಹಾ ಇಡು ಕೆಳಗ, ಇನ್ನೂ ತಾಸಾಗಿಲ್ಲ."

ಜೂನ್ ಹೊತ್ತಿಗೆ ಅವಳ ಹಿಮೋಗ್ಲೋಬಿನ್ 11.3ಕ್ಕೆ ಬಂತು. ಇದರಲ್ಲಿ ಹೆಚ್ಚಿನ ಪಾಲು ಗುಳಿಗೆಯದು. ಮೊಳಕೆಕಾಳು ತಿಂದು ರಕ್ತ ಏರಿತು ಅಂತ ಯಾರಾದರೂ ವಾಟ್ಸಾಪಿನಲ್ಲಿ ಹೇಳಿದರೆ ನಂಬಬೇಡಿ. ರಕ್ತ ಕಡಿಮೆ ಇದೆ ಅನಿಸಿದರೆ ಮೊದಲು ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದಷ್ಟು ದಿನ ಗುಳಿಗೆ ನುಂಗಿ. ಊಟ ಅದರ ಜೊತೆಗೆ ಬರುವುದು, ಮತ್ತು ಗುಳಿಗೆ ಮುಗಿದ ಮೇಲೂ ಉಳಿಯುವುದು.

ಮನೆಯವರಿಗೆ ನಾಲ್ಕು ಮಾತು. ಮಗಳು ಹಾಸ್ಟೆಲಿಗೆ ಹೊರಟಾಗ ಒಮ್ಮೆಲೇ ಐದು ಕಿಲೋ ಚಕ್ಕುಲಿ, ಕರದಂಟು ಕಟ್ಟಬೇಡಿ. ಮೊದಲ ವಾರ ಇಡೀ ಹಾಸ್ಟೆಲ್ ಬಂದು ತಿಂದು ಮುಗಿಸುತ್ತದೆ, ಎರಡನೇ ವಾರ ಅವಳಿಗೆ ಏನೂ ಇರುವುದಿಲ್ಲ. ಅದರ ಬದಲು ಶೇಂಗಾಹಿಂಡಿ ಎರಡು ಡಬ್ಬಿ, ಪುಟಾಣಿ, ಬೆಲ್ಲ, ಹುರಿದ ರವೆ, ಖಡಕ್ ರೊಟ್ಟಿ. ಮೈಸೂರು ಕಡೆಯವರಾದರೆ ರಾಗಿ ಹುರಿಹಿಟ್ಟು ಕೊಡಿ, ಹಾಲಿಗೋ ಮಜ್ಜಿಗೆಗೋ ಕಲಸಿದರೆ ಆಯಿತು. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ಕೊಡಿ, ಚಾಕು, ಒಂದು ಅಗಲ ತಾಟು ಕೊಡಿ. ಮಗ ಹೊರಟರೂ ಇದೇ ಕೊಡಿ, ಕಾಳು ನೆನೆಹಾಕುವುದನ್ನು ಅವನಿಗೂ ಕಲಿಸಿ. ಫೋನಿನಲ್ಲಿ "ಉಂಡ್ಯಾ" ಅಂತ ಕೇಳುವ ಬದಲು "ಇವತ್ತು ಕಾಳು ಏನು ತಿಂದಿ, ಸೊಪ್ಪು ಏನು ತಿಂದಿ" ಅಂತ ಕೇಳಿ ನೋಡಿ. ಸುಳ್ಳು ಹೇಳುವುದು ಸ್ವಲ್ಪ ಕಷ್ಟವಾಗುತ್ತದೆ. ಕೈಯಲ್ಲಿ ದುಡ್ಡು ಪೂರಾ ಮುಗಿದ ದಿನ ಇಂದಿರಾ ಕ್ಯಾಂಟೀನ್ ಇದ್ದ ಊರಾದರೆ ಅಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಇದೆ ಅಂತಲೂ ಹೇಳಿಕೊಡಿ. ಅಲ್ಲಿ ಸಾಲಿನಲ್ಲಿ ನಿಲ್ಲಲು ಓದುವ ಮಕ್ಕಳು ನಾಚುತ್ತಾರೆ. ನಾಚುವಂಥದ್ದು ಏನೂ ಇಲ್ಲ.

2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಅಲ್ಲಿಂದ ಈಚೆಗೆ ಎಷ್ಟೋ ಅವ್ವಂದಿರು ಡಬ್ಬಿ ಮಾತ್ರ ಕಳಿಸದೆ ತಾವೇ ಹಿಡಿದುಕೊಂಡು ಬಂದು ಮಕ್ಕಳು ಉಣ್ಣುವುದನ್ನು ನೋಡಿ ಹೋಗುತ್ತಾರೆ. ಗುಳೆ ಮುಗಿಸಿ ಬಿತ್ತನೆಗೆಂದು ಊರಿಗೆ ಮರಳಿದ ಕುಷ್ಟಗಿಯ ಅವ್ವನೂ ಹಾಗೇ ಬಂದರು. ಮೂರು ಬಸ್ಸು ಬದಲಿಸಿ, ಮಧ್ಯಾಹ್ನ ಎರಡರ ಹೊತ್ತಿಗೆ. ಅರಿವೆಯ ಗಂಟಿನಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ನಲವತ್ತು, ಪುಂಡಿಪಲ್ಯ ಒಂದು ಡಬ್ಬಿ. ನಾವು ಪೇಪರ್ ಹಾಸಿದೆವು. ಅವರು ನಮ್ಮ ಜೊತೆ ಕೂರಲು ಬಹಳ ಹೊತ್ತು ಒಪ್ಪಲಿಲ್ಲ, "ನೀವು ಉಣ್ರವ್ವಾ, ನಾ ನೋಡ್ತೀನಿ" ಅಂತ ಬಾಗಿಲ ಹತ್ತಿರವೇ ಕೂತರು. ಕುಷ್ಟಗಿ ಎದ್ದುಹೋಗಿ ಅವರ ಕೈ ಹಿಡಿದು ಎಬ್ಬಿಸಿಕೊಂಡು ಬಂದು ಸವದತ್ತಿಯ ಮಗ್ಗುಲಲ್ಲಿ ಕೂರಿಸಿದಳು. ಆಮೇಲೆ ಲೆಕ್ಕದ ಪುಸ್ತಕ ತೆಗೆದು, ಜೂನ್ ತಿಂಗಳ ಹಾಳೆಯಲ್ಲಿ ತನ್ನ ಹೆಸರಿನ ಮುಂದೆ ಬರೆದಳು: ಸಜ್ಜಿ ರೊಟ್ಟಿ 40, ಪುಂಡಿಪಲ್ಯ 1 ಡಬ್ಬಿ.